ತಬಲಾ ಬಿಟ್ಟರು, ರಾಗ ಬಿಡಲಿಲ್ಲ: ಚರಣಜಿತ್ ಸಿಂಗ್ ಅವರ 1982ರ ಪ್ರಯೋಗ

1982ರ ಮುಂಬೈ. ಒಬ್ಬ ವಾದ್ಯಗಾರರ ಮನೆಯಲ್ಲಿ ಮೂರು ಯಂತ್ರಗಳು. ಒಂದು ದೊಡ್ಡ ಕೀಬೋರ್ಡ್, ಜೊತೆಗೆ ಎರಡು ಪೆಟ್ಟಿಗೆ. ಮೂರೂ ಜಪಾನಿನ ರೋಲ್ಯಾಂಡ್ ಕಂಪನಿಯವು. ಸಿಂಗಾಪುರದಿಂದ ತಂದವು. ಮಾರುಕಟ್ಟೆಗೆ ಬಂದು ಹೆಚ್ಚು ದಿನ ಆಗಿರಲಿಲ್ಲ. ಅವುಗಳ ಮುಂದೆ ಕೂತಿದ್ದವರು ಚರಣಜಿತ್ ಸಿಂಗ್. ವಯಸ್ಸು ನಲವತ್ತು ದಾಟಿತ್ತು. ಹಿಂದಿ ಸಿನಿಮಾ ಸಂಗೀತದಲ್ಲಿ ವರ್ಷಗಟ್ಟಲೆ ಬೇರೆಯವರ ಹಾಡಿಗೆ ನುಡಿಸಿದ ಕೈ ಅದು.

ಅವರು ಈ ಮೂರು ಯಂತ್ರಗಳನ್ನು ಸೇರಿಸಿ ಹತ್ತು ರಾಗ ನುಡಿಸಿದರು. ಎಚ್‌ಎಂವಿ ಸ್ಟುಡಿಯೋದಲ್ಲಿ ಎರಡೇ ದಿನದಲ್ಲಿ ರೆಕಾರ್ಡಿಂಗ್ ಮುಗಿಯಿತು. 'ಸಿಂಥಸೈಸಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್' ಅಂತ ಹೆಸರಿಟ್ಟು ಎಲ್‌ಪಿ ಬಂತು. ಬಂದದ್ದು ಯಾರಿಗೂ ಗೊತ್ತಾಗಲಿಲ್ಲ. ಇಪ್ಪತ್ತು ವರ್ಷ ಕಳೆದ ಮೇಲೆ ಒಬ್ಬ ಡಚ್ ಸಂಗ್ರಾಹಕನ ಕೈಗೆ ಸಿಕ್ಕಿತು. 2010ರಲ್ಲಿ ಮತ್ತೆ ಅಚ್ಚಾಯಿತು. ಕೇಳಿದವರು ಬೆರಗಾದರು. ಶಿಕಾಗೋದಲ್ಲಿ 1987ರಲ್ಲಿ ಹುಟ್ಟಿತು ಎನ್ನುವ ಆಸಿಡ್ ಹೌಸ್ ಎಂಬ ಎಲೆಕ್ಟ್ರಾನಿಕ್ ಕುಣಿತದ ಸಂಗೀತದ ಸದ್ದು, ಐದು ವರ್ಷ ಮೊದಲೇ ಮುಂಬೈಯ ಒಂದು ರೆಕಾರ್ಡಿನಲ್ಲಿ ಇತ್ತು.

ಈ ಕಥೆಯನ್ನು ಎಲ್ಲರೂ ಇಲ್ಲಿಂದಲೇ ಹೇಳುತ್ತಾರೆ, 'ಆಸಿಡ್ ಹೌಸ್ ಕಂಡುಹಿಡಿದ ಭಾರತೀಯ' ಅಂತ. ನನಗೆ ಆ ಮಾತು ಒಪ್ಪಿಗೆ ಇಲ್ಲ. ಅದು ಅವರನ್ನು ಹೊಗಳಿದ ಹಾಗೆ ಕೇಳಿಸುತ್ತದೆ, ಆದರೆ ಅವರು ನಿಜವಾಗಿ ಮಾಡಿದ ಕೆಲಸವನ್ನು ಮುಚ್ಚಿಬಿಡುತ್ತದೆ. ಆ ಕೆಲಸ ಏನು ಅಂತ ಬಿಡಿಸಿ ನೋಡೋಣ. ನಾನು ಧಾರವಾಡದಲ್ಲಿ ಒಂದಷ್ಟು ವರ್ಷ ಹಿಂದೂಸ್ತಾನಿ ಗಾಯನ ಕಲಿತವನು. ಈಗ ಬೆಂಗಳೂರಿನ ಒಂದು ಸಣ್ಣ ರೂಮಿನಲ್ಲಿ ಸಿಂಥ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಸಿಂಥಸೈಸರ್) ಇಟ್ಟುಕೊಂಡು ಸಂಗೀತ ಮಾಡುತ್ತೇನೆ. ಈ ರೆಕಾರ್ಡ್ ನನಗೆ ತುಂಬಾ ಹತ್ತಿರದ್ದು.

ಯಾಕೆ ಮಾಡಿದರು?

ಸಿನಿಮಾ ವಾದ್ಯಗಾರರ ಬದುಕು ಹೇಗಿತ್ತು ಅಂತ ಸ್ವಲ್ಪ ನೆನೆಯಬೇಕು. ಬೆಳಿಗ್ಗೆ ಸ್ಟುಡಿಯೋಗೆ ಹೋಗಬೇಕು. ಅರೇಂಜರ್ ಕೊಟ್ಟ ಹಾಳೆ ನೋಡಿ ನುಡಿಸಬೇಕು. ಟೇಕ್ ಓಕೆ ಆದರೆ ಅಂದಿನ ದುಡ್ಡು ತೆಗೆದುಕೊಂಡು ಮುಂದಿನ ಸ್ಟುಡಿಯೋಗೆ ಓಡಬೇಕು. ಹಾಡು ಊರೆಲ್ಲ ಮೊಳಗಿದರೂ ನುಡಿಸಿದವನ ಹೆಸರು ರೆಕಾರ್ಡಿನ ಮೇಲೆ ಇರುತ್ತಿರಲಿಲ್ಲ. ಸಿಂಗ್ ಅವರು ಬೇಸ್ ಗಿಟಾರ್ ನುಡಿಸುತ್ತಿದ್ದರು, ಸ್ಟೀಲ್ ಗಿಟಾರ್ ನುಡಿಸುತ್ತಿದ್ದರು, ಕೀಬೋರ್ಡ್ ಕೂಡ. ಆರ್.ಡಿ. ಬರ್ಮನ್ ಅಂಥ ದೊಡ್ಡ ಸಂಗೀತ ನಿರ್ದೇಶಕರ ಜೊತೆ ಕೆಲಸ ಮಾಡಿದ್ದರು. ಅವರದೇ ಆರ್ಕೆಸ್ಟ್ರಾ ಇತ್ತು, ಮದುವೆ ಮನೆಗಳಲ್ಲಿ ನುಡಿಸುತ್ತಿದ್ದರು. ಸಿನಿಮಾ ಹಾಡುಗಳನ್ನು ವಾದ್ಯದಲ್ಲಿ ನುಡಿಸಿದ ರೆಕಾರ್ಡುಗಳನ್ನೂ ತಂದಿದ್ದರು.

ಹೊಸ ವಾದ್ಯ ಯಾರ ಬಳಿ ಇದೆಯೋ ಅವರಿಗೆ ಆಗ ಕರೆ ಬರುತ್ತಿತ್ತು. ಸಿನಿಮಾಕ್ಕೆ ಯಾವಾಗಲೂ ಹೊಸ ಸದ್ದು ಬೇಕು, ಅಲ್ವಾ? ಹಾಗಾಗಿ ಸಿಂಥ್ ಕೊಳ್ಳುವುದು ಇಂಥ ವಾದ್ಯಗಾರನಿಗೆ ಶೋಕಿ ಅಲ್ಲ, ಹೊಟ್ಟೆಪಾಡು.

ಇನ್ನು ಆ ಹೊತ್ತಿನ ಗಾಳಿ. 1980ರಲ್ಲಿ 'ಕುರ್ಬಾನಿ' ಸಿನಿಮಾದ ಡಿಸ್ಕೋ ಹಾಡು ದೇಶವನ್ನೇ ಕುಣಿಸಿತ್ತು. ಆ ಹಾಡು ಮಾಡಿದ ಬಿದ್ದು ಅಪ್ಪಯ್ಯ ಬೆಂಗಳೂರಿನಲ್ಲಿ ಹುಟ್ಟಿದ ಕೊಡವರು. ಲಂಡನ್‌ಗೆ ಹೋಗಿ ಹೆಸರು ಮಾಡಿದವರು. ಆ ಹಾಡು ಗೆದ್ದ ಮೇಲೆ ಮುಂಬೈಯ ಸ್ಟುಡಿಯೋಗಳಲ್ಲಿ ಎಲ್ಲರಿಗೂ ಡಿಸ್ಕೋನೇ ಬೇಕಾಯಿತು. ನಮ್ಮ ನಾಡಿನ ಒಬ್ಬರು ಹಚ್ಚಿದ ಕಿಡಿಯ ಬಿಸಿ ಸಿಂಗ್ ಅವರ ಮೇಜಿನವರೆಗೂ ಮುಟ್ಟಿತ್ತು ಅಂತ ಅಂದುಕೊಳ್ಳುವುದಕ್ಕೆ ನನಗೆ ಖುಷಿ.

ಸಿಂಗ್ ಅವರು ಮುಂದೆ ಸಂದರ್ಶನದಲ್ಲಿ ಹೇಳಿಕೊಂಡ ಕಾರಣ ತುಂಬಾ ಸರಳ. ಸಿನಿಮಾದಲ್ಲಿ ಎಲ್ಲಿ ನೋಡಿದರೂ ಡಿಸ್ಕೋ ಇತ್ತು. ಅದನ್ನೇ ಇಟ್ಟುಕೊಂಡು ಬೇರೆ ಏನಾದರೂ ಮಾಡಬಾರದೇಕೆ ಅನ್ನಿಸಿತು. ರಾಗ ನುಡಿಸೋಣ, ಡಿಸ್ಕೋ ಬೀಟ್ ಹಾಕೋಣ, ತಬಲಾ ತೆಗೆದುಬಿಡೋಣ. ಮನೆಯಲ್ಲಿ ಅಭ್ಯಾಸ ಮಾಡಿ ನೋಡಿದರು, ಚೆನ್ನಾಗಿ ಕೇಳಿಸಿತು. ರೆಕಾರ್ಡ್ ಮಾಡಿದರು. ಇದರಲ್ಲಿ ಜಗತ್ತು ಗೆಲ್ಲುವ ಮಾತಿಲ್ಲ. ಅಷ್ಟು ವರ್ಷ ಬೇರೆಯವರ ರಾಗಸಂಯೋಜನೆಗೆ ದುಡಿದ ಮನುಷ್ಯ, ಒಂದು ರೆಕಾರ್ಡಿನಲ್ಲಿ ಮೊದಲಿಂದ ಕೊನೆಯವರೆಗೆ ತನ್ನ ಯೋಚನೆಯನ್ನೇ ಕೇಳಬೇಕು ಎಂದುಕೊಂಡ. ಮಹತ್ವಾಕಾಂಕ್ಷೆ ಅಂದರೆ ದೊಡ್ಡ ವೇದಿಕೆ, ದೊಡ್ಡ ಹೆಸರು ಎಂದೇ ನಾವು ಅಂದುಕೊಳ್ಳುತ್ತೇವೆ. ಇದು ಬೇರೆ ಥರದ್ದು, ನನ್ನ ಕಣ್ಣಿಗೆ ಇದೇ ದೊಡ್ಡದು.

ಮೂರು ಯಂತ್ರ, ಮೂರು ಕೆಲಸ

ಕೀಬೋರ್ಡಿನ ಹೆಸರು ಜೂಪಿಟರ್-8. ಒಟ್ಟಿಗೆ ಎಂಟು ಸ್ವರ ನುಡಿಸಬಲ್ಲ ಸಿಂಥ್, ಬಂದದ್ದು 1981ರಲ್ಲಿ. ರಾಗದ ಹೊಣೆ ಇದರದ್ದು. ಎರಡನೆಯದು ಟಿಆರ್-808, ಡ್ರಮ್ ಯಂತ್ರ. 1980ರಿಂದ 1983ರವರೆಗೆ ಸುಮಾರು 12,000 ಮಾತ್ರ ತಯಾರಾದವು. ಮೂರನೆಯದು ಟಿಬಿ-303. ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಪೆಟ್ಟಿಗೆ, ಬ್ಯಾಟರಿಯಲ್ಲೂ ನಡೆಯುತ್ತದೆ. ಒಬ್ಬನೇ ಕೂತು ಗಿಟಾರ್ ಅಭ್ಯಾಸ ಮಾಡುವವನಿಗೆ ಬೇಸ್ (ಕೆಳದನಿಯ ಸ್ವರಸಾಲು) ಜೊತೆ ಸಿಗಲಿ ಅಂತ ರೋಲ್ಯಾಂಡ್ ಇದನ್ನು ಮಾಡಿತು. ಆದರೆ ಬೇಸ್ ಗಿಟಾರ್ ಥರ ಅದು ಕೇಳಿಸಲೇ ಇಲ್ಲ. ಗಿಟಾರ್‌ನವರು ಕೊಳ್ಳಲಿಲ್ಲ. 1984ರಲ್ಲಿ ನಿಲ್ಲಿಸಿಬಿಟ್ಟರು. ಅಷ್ಟರಲ್ಲಿ ತಯಾರಾಗಿದ್ದು ಸುಮಾರು 10,000.

ಇಂದು ಬಹುಪಾಲು ಎಲೆಕ್ಟ್ರಾನಿಕ್ ವಾದ್ಯಗಳು ಮಿಡಿ ಎಂಬ ಒಂದೇ ಭಾಷೆಯಲ್ಲಿ ಮಾತಾಡುತ್ತವೆ. ಆ ಭಾಷೆ ಬಂದದ್ದು 1983ರಲ್ಲಿ. ಸಿಂಗ್ ಅವರ ಕಾಲಕ್ಕೆ 808 ಮತ್ತು 303ರ ನಡುವೆ ಐದು ಪಿನ್ನಿನ ಒಂದು ಕೇಬಲ್ ಇತ್ತು. ಒಂದು ಯಂತ್ರ ಒಂದು ಬೀಟಿಗೆ 24 ಸಲ ಮಿಡಿಯುತ್ತದೆ, ಇನ್ನೊಂದು ಆ ಮಿಡಿತ ಎಣಿಸಿಕೊಂಡು ಹಿಂದೆ ಹೋಗುತ್ತದೆ. ಅಷ್ಟೇ. ಎರಡು ಯಂತ್ರ ತಾವಾಗಿಯೇ ಜೊತೆಯಲ್ಲಿ ಓಡುತ್ತಿರುವಾಗ ಕೈ ಎರಡೂ ಖಾಲಿ. ಆ ಖಾಲಿ ಕೈ ಜೂಪಿಟರ್ ಮೇಲೆ ರಾಗ ನುಡಿಸಬಹುದು. ಎರಡು ದಿನದಲ್ಲಿ ಹತ್ತು ರಾಗ ಮುಗಿಸಲು ಸಾಧ್ಯವಾದ ಗುಟ್ಟು ಇಲ್ಲಿದೆ ಅಂತ ನನ್ನ ಎಣಿಕೆ. ಬೇಸ್ ಮತ್ತು ತಾಳ ಮನೆಯಲ್ಲಿಯೇ ತಯಾರು. ಸ್ಟುಡಿಯೋದಲ್ಲಿ ನುಡಿಸಬೇಕಾದದ್ದು ರಾಗ ಮಾತ್ರ.

808ರ ಕೆಳಗಿನ ಸಾಲಿನಲ್ಲಿ 16 ಗುಂಡಿಗಳಿವೆ. ನಾಲ್ಕು ಕೆಂಪು, ನಾಲ್ಕು ಕಿತ್ತಳೆ, ನಾಲ್ಕು ಹಳದಿ, ನಾಲ್ಕು ಬಿಳಿ. ಹಿಂದೂಸ್ತಾನಿ ಕಲಿತವರಿಗೆ ಇದನ್ನು ನೋಡಿದ ಕೂಡಲೇ ತೀನ್‌ತಾಲ್ ಎಂಬ ತಾಳ ನೆನಪಾಗುತ್ತದೆ. 16 ಮಾತ್ರೆ (ತಾಳದ ಎಣಿಕೆ), ನಾಲ್ಕು ನಾಲ್ಕರ ನಾಲ್ಕು ವಿಭಾಗ. ಆದರೆ ತೀನ್‌ತಾಲ್‌ನ ಮೂರನೇ ವಿಭಾಗ ಖಾಲಿ. ಅಲ್ಲಿ ತಬಲಾದ ಬಾಯಾಂ, ಅಂದರೆ ಎಡಗೈಯ ವಾದ್ಯ, ಸುಮ್ಮನಾಗುತ್ತದೆ, ಗಾಯಕನಿಗೆ ಸಮ (ತಾಳದ ಸುತ್ತು ಶುರುವಾಗುವ ಮೊದಲ ಮಾತ್ರೆ) ಎಲ್ಲಿದೆ ಅಂತ ಆ ಮೌನವೇ ಹೇಳುತ್ತದೆ. ಡಿಸ್ಕೋ ಬೀಟಿನಲ್ಲಿ ಖಾಲಿ ಇಲ್ಲ. ನಾಲ್ಕೂ ಬೀಟಿಗೆ ಒಂದೇ ತೂಕದ ಏಟು. ತಬಲಾ ತೆಗೆದಾಗ ಒಂದು ವಾದ್ಯ ಮಾತ್ರ ಹೋಗಲಿಲ್ಲ, ಸಮಕ್ಕೆ ದಾರಿ ತೋರುವ ಕೈಕಂಬವೂ ಹೋಯಿತು. ಅದರ ಜಾಗಕ್ಕೆ ಏನಾದರೂ ಬರಬೇಕಿತ್ತು. ಬಂದದ್ದು 303ರ ಬೇಸ್. ಅದೇ ಸ್ವರಸಾಲು ಮತ್ತೆ ಮತ್ತೆ ಶುರುವಿಗೆ ಮರಳುತ್ತದೆ, ಮರಳಿದ ಜಾಗವೇ ಸಮ. ಹಾರ್ಮೋನಿಯಂ ಲಹರಾ (ತಿರುತಿರುಗಿ ಬರುವ ಒಂದೇ ಸ್ವರಸಾಲು) ಇಟ್ಟುಕೊಂಡು ತಬಲಾ ಸೋಲೋ ಕೇಳಿದವರಿಗೆ ಇದು ಹೊಸದಲ್ಲ.

ರಾಗಗಳ ಆಯ್ಕೆ

ಭೈರವ್, ಲಲಿತ್, ಭೂಪಾಲಿ, ತೋಡಿ, ಮಧುವಂತಿ. ಆಮೇಲೆ ಮೇಘ್ ಮಲ್ಹಾರ್, ಯಮನ್, ಕಲಾವತಿ, ಮಾಲ್‌ಕೌಂಸ್, ಬೈರಾಗಿ. ಒಂದೊಂದೂ ಸುಮಾರು ಐದು ನಿಮಿಷ.

ಕರ್ನಾಟಕ ಸಂಗೀತ ಕೇಳಿ ಬೆಳೆದವರು ಭೂಪಾಲಿಯಲ್ಲಿ ಮೋಹನವನ್ನು, ಯಮನ್‌ನಲ್ಲಿ ಕಲ್ಯಾಣಿಯನ್ನು, ಮಾಲ್‌ಕೌಂಸ್‌ನಲ್ಲಿ ಹಿಂದೋಳವನ್ನು ಗುರುತಿಸುತ್ತಾರೆ. ಭೂಪಾಲಿ, ಕಲಾವತಿ, ಮಾಲ್‌ಕೌಂಸ್, ಬೈರಾಗಿ ಐದೈದು ಸ್ವರದ ರಾಗಗಳು. ಯಂತ್ರಕ್ಕೆ ಇವು ಚೆನ್ನಾಗಿ ಒಗ್ಗುತ್ತವೆ. ಸ್ವರ ಕಡಿಮೆ ಇದ್ದಷ್ಟೂ ಬೇಸ್ ತಿರುಗಿ ತಿರುಗಿ ಬಂದಾಗ ರಾಗದ ಮುಖ ಬೇಗ ಕಾಣುತ್ತದೆ. ಬರೀ ಸುಲಭದ ದಾರಿ ಹಿಡಿಯುವವರಾಗಿದ್ದರೆ ಹತ್ತೂ ಇಂಥವೇ ಇರುತ್ತಿದ್ದವು.

ಆದರೆ ಎರಡನೆಯದೇ ಲಲಿತ್! ಶುದ್ಧ ಮಧ್ಯಮ, ತೀವ್ರ ಮಧ್ಯಮ ಎರಡೂ ಒಂದರ ಪಕ್ಕ ಒಂದು. ಪಂಚಮ ಇಲ್ಲ. ಬೆಳಗಿನ ಜಾವದ ರಾಗ, ಹೊಸಬರು ಮುಟ್ಟಲು ಹೆದರುವ ರಾಗ. ಕೀಬೋರ್ಡಿನಲ್ಲಿ ಆ ಎರಡು ಮಧ್ಯಮ ಪಕ್ಕಪಕ್ಕದ ಎರಡು ಕೀ. ಒಂದರಿಂದ ಇನ್ನೊಂದಕ್ಕೆ ಜಾರದೆ ಸುಮ್ನೆ ಒತ್ತಿದರೆ ತಪ್ಪು ಸ್ವರ ಒತ್ತಿದ ಹಾಗೆ ಕೇಳಿಸುತ್ತದೆ. ಡಿಸ್ಕೋ ರೆಕಾರ್ಡಿಗೆ ಯಾರೂ ಲಲಿತ್ ಕೇಳಿರಲಿಲ್ಲ. ಅವರಿಗೆ ಬೇಕಿತ್ತು, ಇಟ್ಟರು. ಇದು ಡಿಸ್ಕೋಗೆ ರಾಗದ ಬಣ್ಣ ಬಳಿದ ಕೆಲಸ ಅಲ್ಲ ಅಂತ ನಾನು ನಂಬುವುದು ಲಲಿತ್ ಕೇಳಿದಾಗ.

ಸಿಂಥ್ ಮೇಲೆ ರಾಗ ಅಂದ ಕೂಡಲೇ ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದು, ಎಲ್ಲಿಂದ ಬರಬೇಕು ಎನ್ನುವ ಪ್ರಶ್ನೆ ಬರುತ್ತದೆ. ಹಾರ್ಮೋನಿಯಂ ಮೇಲೂ ಇದೇ ತಕರಾರು ಇತ್ತು. ಜೂಪಿಟರ್‌ನಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸೌಲಭ್ಯ ಇದೆ, ಜಾರುವ ವೇಗವನ್ನು ನಾವೇ ಇಡಬಹುದು. ಸ್ವರ ಬಗ್ಗಿಸುವ ಲಿವರ್ ಕೂಡ ಇದೆ. ಸ್ಟೀಲ್ ಗಿಟಾರ್ ನುಡಿಸಿದವರಿಗೆ ಜಾರುವುದು ಕೈಗೆ ಹತ್ತಿದ ವಿದ್ಯೆ. ಆ ವಾದ್ಯದ ಜೀವವೇ ತಂತಿಯ ಮೇಲೆ ಉಕ್ಕಿನ ಸರಳು ಜಾರಿಸುವುದು. ಈ ರೆಕಾರ್ಡಿನಲ್ಲಿ ಸಿಂಥ್ ಅಳುವ ಹಾಗೆ, ಕರೆಯುವ ಹಾಗೆ ಕೇಳಿಸುತ್ತದಲ್ಲ, ಅದರ ಹಿಂದೆ ಆ ಗಿಟಾರ್ ಕೈ ಇದೆ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ನಾನು ಮಾಡಿ ನೋಡಿದ್ದು

ಹಳೆಯ 303 ಈಗ ನನ್ನಂಥವರ ಕೈಗೆಟುಕುವುದಿಲ್ಲ. ಅದರ ಪಡಿಯಚ್ಚಿನಂಥ ಹೊಸ ಯಂತ್ರಗಳು ಬಂದಿವೆ. ಗೆಳೆಯನಿಂದ ಒಂದನ್ನು ಎರಡು ವಾರಕ್ಕೆ ತಂದು ಮಾಲ್‌ಕೌಂಸ್ ಹಾಕಲು ಕೂತೆ. ಷಡ್ಜ, ಕೋಮಲ ಗಾಂಧಾರ, ಮಧ್ಯಮ, ಕೋಮಲ ಧೈವತ, ಕೋಮಲ ನಿಷಾದ. ಐದೇ ಸ್ವರ.

303ರಲ್ಲಿ ಸ್ವರ ಬೇರೆ, ಕಾಲ ಬೇರೆ. ಮೊದಲು ಒಂದು ಗುಂಡಿ ಒತ್ತಿ ಸ್ವರಗಳನ್ನು ಮಾತ್ರ ಸಾಲಾಗಿ ಕೊಡಬೇಕು. ಯಾವ ಸ್ವರ ಎಷ್ಟು ಹೊತ್ತು ಅಂತ ಆಗ ಹೇಳುವ ಹಾಗಿಲ್ಲ. ಅದು ಮುಗಿದ ಮೇಲೆ ಇನ್ನೊಂದು ಗುಂಡಿ ಒತ್ತಿ 16 ಮನೆಗಳನ್ನು ತುಂಬಬೇಕು. ಈ ಮನೆಯಲ್ಲಿ ಹೊಸ ಸ್ವರ, ಈ ಮನೆಯಲ್ಲಿ ಹಿಂದಿನದೇ ಮುಂದುವರಿಯಲಿ, ಈ ಮನೆ ಖಾಲಿ. ಎರಡು ಸಾಲೂ ಕೂಡಿ ಬಂದಾಗಲೇ ಸಂಗೀತ. ಜಗತ್ತಿನ ಎಷ್ಟೋ ಜನ ಇದರಲ್ಲಿ ಸೋತು ಯಂತ್ರವನ್ನು ಮೂಲೆಗೆ ಇಟ್ಟಿದ್ದಾರೆ. ನನಗೆ ಮಾತ್ರ ಇದು ಹಳೆಯ ಪಾಠದ ಹಾಗೆ ಇತ್ತು. ಧಾರವಾಡದಲ್ಲಿ ಗುರುಗಳು ಮೊದಲು ಬರೀ ಸ್ವರ ಹೇಳಿಸುತ್ತಿದ್ದರು. ಅದು ಬಾಯಿಗೆ ಬಂದ ಮೇಲೆಯೇ ತಾಳಕ್ಕೆ ಕೂರಿಸುತ್ತಿದ್ದುದು.

ಸ ಸ ಗ ಮ ಗ ಸ, ಆಮೇಲೆ ಕೆಳಗಿನ ನಿ ದ ನಿ ಸ. ಎರಡು ಕಡೆ ಜಾರು, ಒಂದು ಕಡೆ ಒತ್ತು. ನಡುವೆ ಬೆರಳು ತಪ್ಪಿ ಪಕ್ಕದ ಗುಂಡಿ ಮುಟ್ಟಿ ಒಂದು ರಿಷಭ ಒಳಗೆ ಸೇರಿಕೊಂಡಿತು. ಮಾಲ್‌ಕೌಂಸ್‌ನಲ್ಲಿ ರಿಷಭ! ಹಾಡುವಾಗ ಒಂದು ತಪ್ಪು ಸ್ವರ ಬಂದರೆ ಬಂದು ಹೋಗುತ್ತದೆ. ಇಲ್ಲಿ ಹಾಗಲ್ಲ. ನಿಮಿಷಕ್ಕೆ 125 ಬೀಟಿನ ವೇಗದಲ್ಲಿ 16 ಮನೆಯ ಒಂದು ಸುತ್ತು ಎರಡು ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಮುಗಿಯುತ್ತದೆ. ಐದು ನಿಮಿಷಕ್ಕೆ 150ಕ್ಕೂ ಜಾಸ್ತಿ ಸುತ್ತು. ಅಷ್ಟು ಸಲವೂ ಆ ರಿಷಭ ಕಿವಿಗೆ ಚುಚ್ಚುತ್ತದೆ. ಅಳಿಸಿ ಮೊದಲಿಂದ ಹಾಕಿದೆ.

ಸರಿಯಾಗಿ ಬಂದ ಮೇಲೆ ಏನಾಯಿತು ಅಂದರೆ, ನಿಲ್ಲಿಸಲು ಮನಸ್ಸೇ ಬರಲಿಲ್ಲ. ಪಾಶ್ಚಾತ್ಯ ಹಾಡಿನಲ್ಲಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬದಲಾಗುತ್ತಾ ಹೋಗುತ್ತದೆ, ಬೇಸ್ ಅದರ ಹಿಂದೆ ಹೋಗಬೇಕು. ರಾಗಕ್ಕೆ ಆ ತೊಂದರೆ ಇಲ್ಲ. ಷಡ್ಜ ಎಲ್ಲಿಗೂ ಹೋಗುವುದಿಲ್ಲ. ಒಂದೇ ಬೇಸ್ ಸಾಲು ಅರ್ಧ ಗಂಟೆ ತಿರುಗಿದರೂ ಮೇಲೆ ರಾಗ ಬೆಳೆಸಬಹುದು. ಪದೇಪದೇ ಅದನ್ನೇ ನುಡಿಸುವುದು ಯಂತ್ರದ ಬಡತನ ಅನ್ನುತ್ತಾರೆ. ತಂಬೂರಿ ಮಾಡುವುದೂ ಅದನ್ನೇ ಅಲ್ವಾ? ಸಿಂಗ್ ಅವರ ಯೋಚನೆಯ ಬುಡ ಇಲ್ಲಿದೆ ಅಂತ ನನಗೆ ಆ ರಾತ್ರಿ ಅರ್ಥವಾಯಿತು. ಯಂತ್ರಕ್ಕೆ ಏನು ಬರುವುದಿಲ್ಲವೋ ಅದು ಬೇಕಾಗಿಯೇ ಇಲ್ಲದ ಸಂಗೀತ ಅವರ ಕೈಯಲ್ಲಿತ್ತು.

ಶಿಕಾಗೋ, ಮತ್ತು ಮೊದಲಿಗರು ಯಾರು ಎಂಬ ಮಾತು

ರೆಕಾರ್ಡ್ ಮಾರಾಟವಾಗಲಿಲ್ಲ. ಸಿಂಗ್ ಅವರು ತಮ್ಮ ಎಂದಿನ ಕೆಲಸಕ್ಕೆ ಮರಳಿದರು. ಅತ್ತ ಅಮೆರಿಕದಲ್ಲಿ, ಗಿಟಾರ್‌ನವರು ಬಿಟ್ಟ 303 ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಕಡಿಮೆ ದುಡ್ಡಿಗೆ ಸಿಗತೊಡಗಿತ್ತು. ಶಿಕಾಗೋದ ಫ್ಯೂಚರ್ ಎಂಬ ತಂಡದ ಮೂವರು ಹುಡುಗರು, ಅದರಲ್ಲಿ ಡಿಜೆ ಪಿಯೆರ್ ಒಬ್ಬರು, ಅದರ ನಾಬ್‌ಗಳನ್ನು ತಿರುಗಿಸುತ್ತಾ ಹೋದರು. ಸದ್ದನ್ನು ಸೋಸುವ ಫಿಲ್ಟರ್ ತೆರೆದು ಮುಚ್ಚುವ ಆ ಚೀರಾಟವೇ ಸಂಗೀತವಾಯಿತು. 1987ರಲ್ಲಿ ಹೊರಬಂದ ಅವರ 'ಆಸಿಡ್ ಟ್ರ್ಯಾಕ್ಸ್' ಹನ್ನೊಂದು ನಿಮಿಷಕ್ಕೂ ಉದ್ದ. ಅದರಿಂದ ಒಂದು ಪರಂಪರೆಯೇ ಹುಟ್ಟಿತು.

ಸಿಂಗ್ ಅವರ ರೆಕಾರ್ಡನ್ನು ಎಡೋ ಬೌಮನ್ ಎಂಬ ಡಚ್ ಸಂಗ್ರಾಹಕ ದೆಹಲಿಯ ಅಂಗಡಿಯೊಂದರಲ್ಲಿ ಕಂಡದ್ದು 2002ರಲ್ಲಿ. ಆಮೇಲೆ ಸಿಂಗ್ ಅವರನ್ನು ಹುಡುಕಿಕೊಂಡು ಮುಂಬೈಗೆ ಬಂದರು. 2010ರ ಮರುಮುದ್ರಣ ಕೇಳಿದ ಕೆಲವರಂತೂ ಇದು ಯಾರೋ ಈಗ ಮಾಡಿ ಹಳೆಯದು ಅಂತ ಹೇಳುತ್ತಿರುವ ಮೋಸ ಎಂದು ಅನುಮಾನಪಟ್ಟರು. ನಂಬುವುದು ಅಷ್ಟು ಕಷ್ಟವಾಗಿತ್ತು.

ಶಿಕಾಗೋದವರು ಈ ರೆಕಾರ್ಡಿನ ದಾರಿ ಹಿಡಿದು ಹೊರಟವರಲ್ಲ. ಸಿಂಗ್ ಅವರಿಗೂ ಕುಣಿತದ ಹೊಸ ಸಂಗೀತ ಹುಟ್ಟಿಸುವ ಉದ್ದೇಶ ಇರಲಿಲ್ಲ. ಒಂದೇ ಯಂತ್ರ, ಎರಡು ಊರು, ಎರಡು ಬೇರೆ ಹಸಿವು. ಶಿಕಾಗೋದಲ್ಲಿ ನಾಬ್ ತಿರುಗಿಸುವುದೇ ಮುಖ್ಯ, ಹಾಡಿಗೆ ಬೇರೆ ಸ್ವರಸಾಲು ಬೇಕಾಗಲಿಲ್ಲ. ಮುಂಬೈಯಲ್ಲಿ 303 ಪಕ್ಕವಾದ್ಯ, ಮುಖ್ಯ ಜಾಗದಲ್ಲಿ ರಾಗ. ಹೊರಗಿನ ಸದ್ದು ಒಂದೇ ಥರ ಇದ್ದರೂ ಒಳಗಿನ ಕಟ್ಟು ಬೇರೆ. ಅವರನ್ನು ಬೇರೆಯವರ ಪರಂಪರೆಗೆ ಮೊದಲಿಗ ಮಾಡುವ ಬದಲು, ನಮ್ಮ ಸಂಗೀತದಲ್ಲಿ ಅವರು ತೆರೆದ ಬಾಗಿಲು ಯಾವುದು ಅಂತ ನೋಡಿದರೆ ನಮಗೇ ಲಾಭ. ಆ ಬಾಗಿಲಿನಿಂದ ಆಗ ಯಾರೂ ಒಳಗೆ ಹೋಗಲಿಲ್ಲ. ನನಗೆ ಇದರಲ್ಲಿ ನೋವಾಗುವ ಸಂಗತಿ ಇದೊಂದೇ. ಇಪ್ಪತ್ತು ವರ್ಷ ನಮ್ಮ ಮನೆಯಲ್ಲೇ ಇದ್ದದ್ದನ್ನು ನಾವು ಕೇಳಿಸಿಕೊಳ್ಳಲಿಲ್ಲ.

ಎಪ್ಪತ್ತು ದಾಟಿದ ಮೇಲೆ ಸಿಂಗ್ ಅವರು ಯೂರೋಪಿನ ವೇದಿಕೆಗಳಲ್ಲಿ ಈ ರಾಗಗಳನ್ನು ಮತ್ತೆ ನುಡಿಸಿದರು. ಮುಂದೆ ನಿಂತು ಕುಣಿದವರು ಈ ರೆಕಾರ್ಡ್ ಬಂದಾಗ ಹುಟ್ಟಿರದ ಮಕ್ಕಳು. 2015ರ ಜುಲೈನಲ್ಲಿ ಮುಂಬೈಯಲ್ಲಿ ತೀರಿಕೊಂಡರು.

ಧಾರವಾಡದಲ್ಲಿ

ಹೋದ ವರ್ಷ ಊರಿಗೆ ಹೋದಾಗ ಗುರುಗಳಿಗೆ ಈ ರೆಕಾರ್ಡ್ ಕೇಳಿಸಿದೆ. ಭೈರವ್ ಶುರುವಾಗಿ 808 ಬಂದ ಕೂಡಲೇ ತಲೆ ಎತ್ತಿದರು.

"ತಬಲಾ ಎಲ್ಲೈತೋ ತಮ್ಮಾ?"

"ಇಲ್ರಿ ಗುರುಗಳ. ತೆಗದಾರ."

ಏನೂ ಅನ್ನಲಿಲ್ಲ. ಲಲಿತ್ ಬಂದಾಗ ಕಣ್ಣು ಮುಚ್ಚಿದರು. ಬೆರಳು ತೊಡೆಯ ಮೇಲೆ ಆಡುತ್ತಿತ್ತು. ಮುಗಿದ ಮೇಲೆ, "ಎರಡೂ ಮಧ್ಯಮ ಬರೋಬ್ಬರಿ ಹಚ್ಯಾರ. ಕಲ್ತವರದಾರ ಇವ್ರು" ಅಂದರು. ಆಮೇಲೆ ನನ್ನ ಮಾಲ್‌ಕೌಂಸ್ ಪ್ಯಾಟರ್ನ್ ಕೇಳಿದರು. ಎರಡು ಸುತ್ತು ಕೇಳಿ ಕೈ ತೋರಿಸಿ ನಿಲ್ಲಿಸಲು ಹೇಳಿದರು.

"ಗಾಂಧಾರ ಹಂಗ ನೆಟ್ಟಗ ನಿಲ್ಲಿಸಬ್ಯಾಡೋ. ಮಧ್ಯಮದಿಂದ ಇಳಿಸು. ಅದು ತೂಗಬೇಕು."

ಬೆಂಗಳೂರಿಗೆ ಬಂದು ಮತ್ತೆ ಕೂತೆ. 303ರ ಜಾರು ಒಂದೇ ಅಳತೆಯದು, ಕಣ್ಣು ಮಿಟುಕಿಸುವಷ್ಟು ಹೊತ್ತು. ಗುರುಗಳು ಕೇಳಿದ ತೂಗು ಅದರಲ್ಲಿ ಬರುವುದಿಲ್ಲ. ಬೇಸಿನಿಂದ ಗಾಂಧಾರವನ್ನೇ ತೆಗೆದುಬಿಟ್ಟೆ. ಸ, ಮ, ದ, ನಿ ಮಾತ್ರ ಕೆಳಗೆ ತಿರುಗುತ್ತವೆ. ಗಾಂಧಾರ ಇದ್ದ ಮನೆಗಳು ಖಾಲಿ. ಅದನ್ನು ಮೇಲಿನ ಸಿಂಥ್‌ನಲ್ಲಿ ಕೈಯಿಂದಲೇ ನುಡಿಸುತ್ತೇನೆ, ಮಧ್ಯಮದಿಂದ ನಿಧಾನ ಇಳಿಸಿ. ನಿನ್ನೆ ರಾತ್ರಿಯ ಟೇಕನ್ನು ಧಾರವಾಡಕ್ಕೆ ಕಳಿಸಿದ್ದೇನೆ. ಉತ್ತರ ಬರಬೇಕು.